ಲಾಲಮ್ಮನ ಅಂಗಳಕ್ಕೆ ಬಿದ್ದರೆ ಔಟ್

ಬೆಳಗಿನಿಂದ ಲಾಲಮ್ಮ ಕುಂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಜೋಳ ಹಸನು ಮಾಡಲು ಮೊರ ಹಿಡಿದಳು, ಬಿಟ್ಟಳು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಸೊಸೆ ರಾಧಿಕಾ ಕೊಟ್ಟ ಚಹಾ ಆರಿಹೋಯಿತು. ಸೇಡಂನ ಕಾಗಿಣಾ ಕ್ರಿಕೆಟ್ ಕ್ಲಬ್ಬಿಗೆ ನಲವತ್ತು ವರ್ಷ ತುಂಬುತ್ತಿತ್ತು. ಅದರ ಚರಿತ್ರೆ ಬರೆಯುತ್ತಿದ್ದ ಕಾಶೀನಾಥ ಮಾಸ್ತರರು ಇವತ್ತು ಅವಳನ್ನು ಕೇಳಿ ಬರೆದುಕೊಳ್ಳಲು ಬರುವವರಿದ್ದರು.

ಬ್ಯಾಟು ಮುಟ್ಟದ ಮುದುಕಿಗೂ ಕ್ಲಬ್ಬಿನ ಚರಿತ್ರೆಗೂ ಏನು ಸಂಬಂಧ ಎನ್ನಬೇಡಿ. ಮೈದಾನದ ಗೋಡೆ ದಾಟಿದರೆ ಒಂದು ಮಣ್ಣಿನ ಓಣಿ, ಓಣಿಯಾಚೆ ಲಾಲಮ್ಮನ ಮನೆ. ಮೊದಲ ವರ್ಷವೇ ಮೂರು ಕೊಡ, ಒಂದು ಕೋಳಿ ಚೆಂಡಿಗೆ ಬಲಿಯಾದವು. ಅವಳು ಬಾಯಿ ಮಾಡಲಿಲ್ಲ, ಬಿದ್ದ ಚೆಂಡುಗಳನ್ನೆಲ್ಲ ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದಳು. ಚೆಂಡಿಲ್ಲದ ಕ್ಲಬ್ಬು ತಾನಾಗಿಯೇ ದಾರಿಗೆ ಬಂತು. ಚೆಂಡು ನೇರವಾಗಿ ಅವಳ ಅಂಗಳಕ್ಕೆ ಬಿದ್ದರೆ ಹೊಡೆದವನು ಔಟ್, ಓಣಿಗೆ ಬಿದ್ದರೆ ಸಿಕ್ಸರ್ ಎಂದು ಕಾನೂನಾಯಿತು. ನಡುವೆ ಗೋಡೆ ಇದ್ದುದರಿಂದ ಎಲ್ಲಿ ಬಿತ್ತು ಎಂಬುದಕ್ಕೆ ಲಾಲಮ್ಮನ ಮಾತೇ ಕೊನೆ. ಶಹಾಬಾದ್, ವಾಡಿಯಿಂದ ಬಂದ ಟೀಮುಗಳೂ ಅದಕ್ಕೆ ಒಪ್ಪಿಯೇ ಆಡುತ್ತಿದ್ದವು. ಊರಿನ ಯಾವ ನ್ಯಾಯಕ್ಕೂ ಕರೆಯದ ಕೇರಿಯ ಹೆಂಗಸಿಗೆ ಇಲ್ಲಿ ಮಾತ್ರ ತೀರ್ಪು ಹೇಳುವ ಪಟ್ಟ. ಅದನ್ನು ಅವಳು ಭಾಳ ಜತನದಿಂದ ಕಾಪಾಡಿಕೊಂಡಿದ್ದಳು.

ಹದಿನೆಂಟು ವರ್ಷದ ಹಿಂದಿನ ಫೈನಲ್ಲಿನಲ್ಲಿ ಅದೇ ಪಟ್ಟ ಅವಳಿಗೆ ಮುಳ್ಳಾಯಿತು. ಶಹಾಬಾದಿನ ಮೇಲೆ ಗೆಲ್ಲಲು ಕೊನೆಯ ಚೆಂಡಿಗೆ ಐದು ರನ್ ಬೇಕಿತ್ತು. ಬ್ಯಾಟು ಹಿಡಿದವನು ಅವಳ ಮಗ ಸಂಘಪಾಲ. ಅವನು ಎತ್ತಿ ಹೊಡೆದ ಚೆಂಡು ಓಣಿಯ ಧೂಳಿಗೆ ಬಿದ್ದು, ಪುಟಿದು, ತೆರೆದ ಬಾಗಿಲಿನಿಂದ ಅಂಗಳದ ಹಾಸುಗಲ್ಲಿಗೆ ಬಂದು ಅವಳ ಮೊರಕ್ಕೆ ತಾಗಿತು. ಅವಳು ಕಣ್ಣಾರೆ ನೋಡಿದಳು. ಸಿಕ್ಸರ್! ಅಷ್ಟರಲ್ಲಿ ಅಂಪೈರ್ ಆಗಿದ್ದ ಕಾಶೀನಾಥ ಮಾಸ್ತರರು ಎರಡೂ ಟೀಮಿನವರನ್ನು ಕರೆದುಕೊಂಡು ಬಾಗಿಲಿಗೆ ಬಂದರು.

"ಎಲ್ಲಿ ಬಿತ್ತು ಹೇಳವ್ವಾ ಲಾಲಮ್ಮ?"

ಹೆತ್ತವರಿಗೆ ಹೆಗ್ಗಣ ಮುದ್ದು ಅಂದಾರು, ಮಗನ ಸಲುವಾಗಿ ಸುಳ್ಳಾಡಿದಳು ಅಂದಾರು. ಅಷ್ಟು ಮುಖಗಳೂ ಅವಳ ಬಾಯನ್ನೇ ನೋಡುತ್ತಿದ್ದವು.

"ಅಂಗಳದಾಗ್ರಿ," ಎಂದುಬಿಟ್ಟಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತನ್ನಿಂದಲೇ ಕ್ಲಬ್ಬು ಸೋತಿತೆಂದು ನಂಬಿದ ಸಂಘಪಾಲ ಬ್ಯಾಟನ್ನು ಅಟ್ಟಕ್ಕೆ ಎಸೆದು ಸಿಮೆಂಟ್ ಫ್ಯಾಕ್ಟರಿ ಸೇರಿದ. ಮತ್ತೆ ಮೈದಾನದ ಕಡೆ ತಲೆ ಹಾಕಲಿಲ್ಲ. ಅವ್ವನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚಲೋ ಇತ್ತು.

ಬಿಸಿಲೇರುವ ಹೊತ್ತಿಗೆ ಮಾಸ್ತರರು ಬಂದರು. "ಬರ್ರಿ, ಕುಂದ್ರಿ," ಎಂದ ಲಾಲಮ್ಮ ಅವರಿಗೆ ಪೆನ್ನು ತೆಗೆಯಲೂ ಬಿಡಲಿಲ್ಲ.

"ಆ ಫೈನಲ್ಲಿನ ಚೆಂಡು ಓಣ್ಯಾಗ ಬಿದ್ದಿತ್ರಿ ಮಾಸ್ತರ್ರ. ನಾ ಸುಳ್ಳ ಹೇಳೀನಿ. ಹದಿನೆಂಟ ವರ್ಷದಿಂದ ಹೊಟ್ಟ್ಯಾಗ ಕೆಂಡ ಇಟ್ಕೊಂಡಂಗ ಆಗ್ಯದ."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು.

"ನನಗ ಗೊತ್ತದ ಲಾಲಮ್ಮ. ಗ್ವಾಡಿ ಮ್ಯಾಲ ಓಣಿ ಧೂಳ ಎದ್ದದ್ದು ನಾನೂ ನೋಡಿದ್ದೆ."

"ಮತ್ತ ನನಗ್ಯಾಕ ಕೇಳಿದ್ರಿ?"

"ಸಿಕ್ಸರ್ ಅಂತ ನಾನೇ ಕೈ ಎತ್ತಿದ್ರ ಶಹಾಬಾದಿನವರು ಗದ್ದಲ ಮಾಡ್ತಿದ್ರು. ನಿನಗ ಕೇಳಿದ್ರ ಮಂದಿಗಂಜಿ ಅಂಗಳ ಅಂತಿ ಅಂತ ಗೊತ್ತಿತ್ತು. ನನ್ನ ತಲಿಮ್ಯಾಗಿಂದು ನಿನ್ನ ತಲಿಮ್ಯಾಲ ಇಟ್ಟೆ."

ತನ್ನೊಬ್ಬಳದೇ ಎಂದು ಹೊತ್ತ ಪಾಪದಲ್ಲಿ ಈ ಮನುಷ್ಯನಿಗೂ ಪಾಲಿತ್ತು! ಲಾಲಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಬರೀರಿ. ನಂದೂ ಬರೀರಿ, ನಿಮ್ದೂ ಬರೀರಿ. ಹೆಸರ ಹಾಕಿ ಬರೀರಿ."

ಮಾಸ್ತರರು ತಲೆ ತಗ್ಗಿಸಿ ಬರೆದರು. ಓದಲು ಬಾರದ ಲಾಲಮ್ಮ ಹಾಳೆ ಕಸಿದು ಸೊಸೆಯ ಕೈಗಿಟ್ಟಳು. "ಜೋರಾಗಿ ಓದು ರಾಧಿಕಾ."

ರಾಧಿಕಾ ಓದಿದಳು. ಶಿಫ್ಟು ಮುಗಿಸಿ ಬಂದ ಸಂಘಪಾಲ ಬಾಗಿಲಲ್ಲೇ ನಿಂತಿದ್ದನ್ನು ಮೂವರೂ ನೋಡಿದ್ದು ಓದಿ ಮುಗಿದ ಮೇಲೆ. ತಲೆಗೂದಲ ತುಂಬ ಸಿಮೆಂಟಿನ ಪುಡಿ. ನಲವತ್ತರ ಗಟ್ಟಿ ಆಳು, ದನಿ ಮಾತ್ರ ಆ ದಿನದ ಹುಡುಗನದು.

"ಅಂದ್ರ ನಾ ಔಟ್ ಆಗಿದ್ದಿಲ್ಲೇನವ್ವಾ?"