ಹದಿನೈದನೆಯ ಮಾಪ್

ನನ್ನ ವಾರ ಮೂರು ಊರುಗಳಿಗೆ ಹಂಚಿಹೋಗಿದೆ. ಸೋಮವಾರ, ಗುರುವಾರ ಬಂಟ್ವಾಳ. ಮಂಗಳವಾರ, ಶುಕ್ರವಾರ ಬೆಳ್ತಂಗಡಿ. ಬುಧವಾರ, ಶನಿವಾರ ಮೂಡುಬಿದಿರೆ. ಮೂರೂ ಸಣ್ಣ ಆಸ್ಪತ್ರೆಗಳು, ಮೂರಕ್ಕೂ ಸರ್ಜನ್ ನಾನೊಬ್ಬಳೇ. ಎಂ.ಎಸ್. ಮುಗಿಸಿ ಎರಡು ವರ್ಷ ಮೂರು ತಿಂಗಳಾಗಿತ್ತು. ನನ್ನ ಡೈರಿಯ ಲೆಕ್ಕದಲ್ಲಿ ಅಲ್ಲಿಯವರೆಗೆ ಹರ್ನಿಯಾ ನೂರ ಹದಿನೆಂಟು, ಅಪೆಂಡಿಕ್ಸ್ ತೊಂಬತ್ತಾರು, ಪೂರ್ತಿ ಹೊಟ್ಟೆ ತೆರೆದದ್ದು ಮೂವತ್ತೊಂದು. ಮೂವತ್ತೆರಡನೆಯದರ ಬಗ್ಗೆ ಆ ಮಂಗಳವಾರದ ಪುಟದಲ್ಲಿ ನಾಲ್ಕೇ ಸಾಲು ಇದೆ. ಅಕ್ಷರ ನನ್ನದೆಂದು ನನಗೇ ಗುರುತು ಸಿಗುವುದಿಲ್ಲ.

ಹಿಂದಿನ ವಾರ ಬೆಳ್ತಂಗಡಿಯಲ್ಲಿ ಬಟ್ಟೆ, ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಯಂತ್ರ ಕೆಟ್ಟಿತ್ತು. ಉಳಿದದ್ದು ಎರಡು ಕಟ್ಟು ಮಾಪ್ ಮಾತ್ರ. ಮಾಪ್ ಎಂದರೆ ಗಾಜ್ ಬಟ್ಟೆಯನ್ನು ಪದರ ಪದರವಾಗಿ ಹೊಲಿದ ಅಂಗೈಯಗಲದ ಚೌಕ. ಹೊಟ್ಟೆಯೊಳಗೆ ರಕ್ತ, ಕೀವು ಹೀರಲು ಇಡುವುದು. ನಮ್ಮಲ್ಲಿ ಸಿಸ್ಟರ್‌ಗಳೇ ಹೊಲಿಯುತ್ತಾರೆ. ಆದ್ದರಿಂದ ಎಕ್ಸ್‌ರೇಯಲ್ಲಿ ಕಾಣುವಂಥ ನೂಲು ಅದರಲ್ಲಿ ಇರುವುದಿಲ್ಲ. ಶನಿವಾರ ನಾನು ಮೂಡುಬಿದಿರೆಯಿಂದ ಶುದ್ಧ ಮಾಡಿದ ಮಾಪ್ ಕಟ್ಟುಗಳಿದ್ದ ಒಂದು ಸ್ಟೀಲ್ ಡ್ರಮ್ ಕೇಳಿ ಕಾರಿನಲ್ಲಿ ತಂದಿದ್ದೆ. ಬೆಳ್ತಂಗಡಿಯಲ್ಲಿ ಕಟ್ಟಿಗೆ ಐದು, ಮೂಡುಬಿದಿರೆಯಲ್ಲಿ ನಾಲ್ಕು. ಅದು ಆಯಾ ಆಸ್ಪತ್ರೆಯ ರೂಢಿ.

ಮಂಗಳವಾರ ಬೆಳಿಗ್ಗೆ ಮುಂಡಾಜೆಯಿಂದ ಐವತ್ತೆರಡು ವರ್ಷದ ಒಬ್ಬರನ್ನು ಜೀಪಿನಲ್ಲಿ ಕರೆತಂದರು. ಮೊಣಕಾಲು ನೋವಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಿ ಸಣ್ಣ ಕರುಳಿನ ಮೊದಲ ಭಾಗ ತೂತಾಗಿತ್ತು. ಹೊಟ್ಟೆ ಹಲಗೆಯಂತೆ ಗಟ್ಟಿ. ಮಂಗಳೂರಿಗೆ ಕಳಿಸುವಷ್ಟು ಸಮಯ ಇರಲಿಲ್ಲ. ತೆರೆದೆ, ತೂತು ಮುಚ್ಚಿದೆ, ತೊಳೆದೆ. ಮೂರು ಕಟ್ಟು ಬಿಚ್ಚಿದ್ದೆವು: ಎರಡು ಇಲ್ಲಿನದು, ಒಂದು ಮೂಡುಬಿದಿರೆಯದು.

ಹೊಲಿಯುವ ಮುಂಚೆ ಹಿರಿಯ ಸಿಸ್ಟರ್ ಬಳಸಿ ಹಾಕಿದ ಮಾಪ್‌ಗಳನ್ನು ಬಕೆಟಿನಿಂದ ಒಂದೊಂದಾಗಿ ಎತ್ತಿ ಎಣಿಸಿದರು.

"ಹದಿನಾಲ್ಕು ಉಂಟು ಮೇಡಂ. ಒಂದು ಕಮ್ಮಿ."

"ಕಮ್ಮಿ ಅಲ್ಲ ಸಿಸ್ಟರ್. ಮೂಡುಬಿದಿರೆಯ ಕಟ್ಟಿನಲ್ಲಿ ನಾಲ್ಕೇ."

"ಬಿಚ್ಚುವಾಗ ನಾನು ಎಣಿಸ್ಲಿಲ್ಲ."

"ನನಗೆ ಗೊತ್ತುಂಟು. ಯಾವಾಗಲೂ ನಾಲ್ಕೇ."

ತಲೆಯ ಬದಿಯಲ್ಲಿ ಕುಳಿತಿದ್ದ ಅರಿವಳಿಕೆ ತಜ್ಞರು, ನನ್ನ ತಂದೆಯ ವಯಸ್ಸಿನವರು, ಮಾನಿಟರಿನಿಂದ ಕಣ್ಣು ತೆಗೆಯದೆ ಹೇಳಿದರು: "ಬಿ.ಪಿ. ಎಂಬತ್ತಕ್ಕೆ ಇಳಿಯಿತು ಮಾರಾಯ್ತಿ. ನಿನ್ನ ಗಣಿತ ಆಮೇಲೆ ಮಾಡುವ. ಮೊದಲು ಮುಚ್ಚು."

ಕೈ ಹಾಕಿ ಒಂದು ಸಲ ತಡವಿ ನೋಡಿದೆ, ಅವಸರದಲ್ಲಿ. ಮುಚ್ಚಿದೆ. ಸಿಸ್ಟರ್ ಲೆಕ್ಕದ ಹಾಳೆಯಲ್ಲಿ 'ಸರಿ' ಎಂದು ಬರೆಯುವಾಗ ನನ್ನ ಮುಖ ನೋಡಿದರು.

ಮಧ್ಯಾಹ್ನ ಎರಡು ಹತ್ತಕ್ಕೆ ಊಟಕ್ಕೆ ಕುಳಿತಿದ್ದಾಗ ಮೂಡುಬಿದಿರೆಯ ಸಿಸ್ಟರ್ ಫೋನ್ ಮಾಡಿದರು. ನಾಳೆ ಡ್ರಮ್ ವಾಪಸು ತರಲು ನೆನಪಿಸುವುದಕ್ಕೆ.

"ಮಾಪ್ ಸಾಕಾಯ್ತಾ ಮೇಡಂ? ನಿಮ್ಮ ಬೆಳ್ತಂಗಡಿಯವರಿಗೆ ಲೆಕ್ಕ ತಪ್ಪುವುದು ಬೇಡ ಅಂತ ನಾನೇ ಬಿಚ್ಚಿ ಐದೈದು ಕಟ್ಟಿ ಕೊಟ್ಟಿದ್ದೇನೆ."

ಉಪಕಾರ ಮಾಡಿದ ಸಂತೋಷ ಅವರ ದನಿಯಲ್ಲಿತ್ತು. ಊಟ ಅಲ್ಲಿಗೇ ಬಿಟ್ಟು ಎದ್ದೆ. ಡ್ರಮ್ ಇದ್ದಲ್ಲಿಗೆ ಹೋಗಿ ಉಳಿದ ಒಂದೊಂದು ಕಟ್ಟಿನಲ್ಲೂ ಬದಿಯಿಂದ ಕಾಣುವ ಮಾಪ್‌ಗಳನ್ನು ಬಿಚ್ಚದೆಯೇ ಎಣಿಸಿದೆ. ಐದು. ಐದು. ಐದು. ಬಕೆಟಿನದನ್ನು ಸಿಸ್ಟರ್ ಜೊತೆ ನೆಲದಲ್ಲಿ ಪ್ಲಾಸ್ಟಿಕ್ ಹಾಸಿ ಮತ್ತೆ ಹರಡಿದೆವು. ಮೇಜಿನ ಅಡಿ, ಕಸದ ಚೀಲ, ಒಗೆಯಲು ಹಾಕಿದ ಬಟ್ಟೆ ಎಲ್ಲ ಕೊಡವಿದೆವು. ಹದಿನಾಲ್ಕೇ.

ಅರಿವಳಿಕೆ ತಜ್ಞರು ಮಂಗಳೂರಿಗೆ ಹೊರಟು ಬಂಟ್ವಾಳ ತಲುಪಿದ್ದರು. ಫೋನಿನಲ್ಲಿ ವಿಷಯ ಹೇಳಿದೆ. "ಬಿ.ಪಿ. ಈಗ ಎಷ್ಟು?" ಎಂದರು. ನೂರ ಹತ್ತು ಎಂದೆ. "ತಿರುಗಿ ಬರ್ತೇನೆ. ನೀನು ಅವರ ಮನೆಯವರ ಹತ್ತಿರ ಮಾತಾಡು. ಸಿಸ್ಟರನ್ನು ಕಳಿಸಬೇಡ, ನೀನೇ ಹೋಗು."

ಐ.ಸಿ.ಯು. ಬಾಗಿಲಿನಿಂದ ರೋಗಿಯ ಹೆಂಡತಿ ಕುಳಿತ ಬೆಂಚಿಗೆ ಹದಿನೇಳು ಹೆಜ್ಜೆ. ಎಣಿಸಬೇಕೆಂದು ಎಣಿಸಿದ್ದಲ್ಲ. ಭಯವಾದಾಗ ನನಗೆ ಹೀಗೆ ಆಗುತ್ತದೆ. ಎರಡನೆಯ ಸಲ ಅರಿವಳಿಕೆ ಕೊಟ್ಟರೆ ರೋಗಿಯ ಎದೆ ತಡೆಯದಿರಬಹುದು. ತೆರೆಯದಿದ್ದರೆ ಒಳಗಿನ ಬಟ್ಟೆ ಕೀವಾಗಿ ಕೆಲವೇ ದಿನಗಳಲ್ಲಿ ಸಾಯಬಹುದು. ತೆರೆದ ಮೇಲೆ ಏನೂ ಸಿಗದೆ ಹೋದರೆ?

ಹೆಂಡತಿಯ ಪಕ್ಕದಲ್ಲಿ ಕುಳಿತು ಹೇಳಿದೆ. ಬಟ್ಟೆಯ ತುಂಡು, ಹೊಟ್ಟೆಯ ಒಳಗೆ ಉಳಿದಿದೆ ಅನಿಸುತ್ತದೆ, ಇವತ್ತೇ ತೆಗೆಯಬೇಕು.

"ಯಾರು ಮರೆತದ್ದು?" ಅವರು ಕೇಳಿದರು.

"ನಾನು. ಸಿಸ್ಟರ್ ಕಮ್ಮಿ ಉಂಟು ಅಂತ ಹೇಳಿದ್ರು. ನಾನು ಕೇಳ್ಲಿಲ್ಲ."

"ನಿಮಗೆ ಎಷ್ಟು ವರ್ಷ?"

"ಮೂವತ್ತೊಂದು."

"ನನ್ನ ಮಗಳಿಗಿಂತ ಎರಡೇ ವರ್ಷ ದೊಡ್ಡವರು." ಮತ್ತೆ ಐ.ಸಿ.ಯು. ಬಾಗಿಲಿನ ಕಡೆ ನೋಡಿ, "ಬೇರೆ ಡಾಕ್ಟ್ರು ಇಲ್ವಾ?"

"ಮಂಗಳೂರಿನಲ್ಲಿ ಇದ್ದಾರೆ. ಆದರೆ ಈಗ ಆಂಬುಲೆನ್ಸಿನಲ್ಲಿ ಕಳಿಸಲು ನನಗೆ ಧೈರ್ಯ ಇಲ್ಲ. ನಿಮಗೆ ಅಲ್ಲಿಗೇ ಹೋಗಬೇಕಾದರೆ ನಾನೂ ಜೊತೆಗೆ ಬರ್ತೇನೆ."

ಒಪ್ಪಿಗೆ ಕಾಗದ ಕೊಟ್ಟೆ. ಅವರು ತಕ್ಷಣ ಸಹಿ ಹಾಕಲಿಲ್ಲ. ಕಾಗದ ಕೈಯಲ್ಲಿ ಹಿಡಿದು ಗಂಡನ ಅಣ್ಣನಿಗೆ ಫೋನ್ ಮಾಡಿ ತುಳುವಿನಲ್ಲಿ ಎಲ್ಲ ಹೇಳಿದರು, ನಾನು ಪಕ್ಕದಲ್ಲಿರುವಾಗಲೇ. ನನ್ನ ಬಗ್ಗೆ 'ಅವಳೇ ಹೇಳಿದಳು' ಎಂಬ ಮಾತು ಎರಡು ಸಲ ಬಂತು. ಹನ್ನೊಂದು ನಿಮಿಷವಾದ ಮೇಲೆ ಸಹಿ ಹಾಕಿದರು.

ನಾಲ್ಕು ಗಂಟೆಗೆ ಬೆಳಗಿನ ಹೊಲಿಗೆಗಳನ್ನು ನಾನೇ ಕತ್ತರಿಸಿದೆ. ಸಿಸ್ಟರ್ ದೀಪ ಸರಿಮಾಡಿದರು. ಕರುಳಿನ ಸುತ್ತ ಇರಲಿಲ್ಲ. ಕೆಳಹೊಟ್ಟೆಯಲ್ಲಿ ಇರಲಿಲ್ಲ. ಲಿವರಿನ ಮೇಲೆ, ಎದೆಗೂ ಹೊಟ್ಟೆಗೂ ನಡುವಿನ ವಪೆಯ ಅಡಿಯಲ್ಲಿ ಬೆರಳುಗಳನ್ನು ಪೂರ್ತಿ ಒಳಕ್ಕೆ ತೂರಿಸಿದಾಗ ಒದ್ದೆ ಬಟ್ಟೆ ಸಿಕ್ಕಿತು. ಲಿವರನ್ನು ಒತ್ತರಿಸಿ ಹಿಡಿಯಲು ನಾನೇ ಇಟ್ಟದ್ದು.

"ಹದಿನೈದು," ಎಂದರು ಸಿಸ್ಟರ್.

ಶುಕ್ರವಾರ ರೋಗಿಯ ಬಾಯಿಗೆ ಮಾತು ಬಂತು. ನಡೆದದ್ದನ್ನು ಹೆಂಡತಿ ಅಷ್ಟರಲ್ಲಿ ಹೇಳಿಯಾಗಿತ್ತು. ನಾನು ಮತ್ತೊಮ್ಮೆ ಮೊದಲಿನಿಂದ ಹೇಳಿದೆ.

"ಈಗ ಒಳಗೆ ಏನೂ ಇಲ್ಲವಲ್ಲ?"

"ಇಲ್ಲ."

"ಎಣಿಸಿದ್ದೀರಾ?"

"ಸಿಸ್ಟರ್ ಎಣಿಸಿದ್ರು. ಆಮೇಲೆ ನಾನು. ಆಮೇಲೆ ಅರಿವಳಿಕೆ ಡಾಕ್ಟ್ರು."

ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ನಾನು ಹೊರಡುವಾಗ ಹೊದಿಕೆಯ ಅಡಿಯಲ್ಲಿ ಅವರ ಕೈ ಹೊಟ್ಟೆಯ ಮೇಲೆ ಮೆಲ್ಲಗೆ ಹರಿದಾಡುತ್ತಿತ್ತು, ಅಲ್ಲಲ್ಲಿ ಒತ್ತಿ ನೋಡುತ್ತ.