ಬಾಸು ಬಡಿಸಿದ ಥಾಯ್ ಊಟ

ಮೊದಲ ತುತ್ತು ಗಂಟಲಿಗೆ ಇಳಿಯುವ ಮುಂಚೆಯೇ ಅವರ ಬೋಳುತಲೆಯ ಮೇಲೆ ಬೆವರು ಮಣಿಮಣಿಯಾಗಿ ಏಳುತ್ತಿತ್ತು. ಹಣೆಗಿಳಿದು, ಮೂಗಿನ ತುದಿಯಲ್ಲಿ ಸ್ವಲ್ಪ ಹೊತ್ತು ತೂಗಾಡಿ, ನಾವೆಲ್ಲ ಹಂಚಿಕೊಂಡು ತಿನ್ನಬೇಕಾದ ತಟ್ಟೆಗೇ ಬೀಳುತ್ತಿತ್ತು. ಅವರು ನ್ಯಾಪ್ಕಿನ್‌ನಿಂದ ತಲೆ ಒರೆಸಿ, ಅದರಲ್ಲೇ ಮೂಗು ಸೀಟಿ, ಅದರಿಂದಲೇ ಬಡಿಸುವ ಚಮಚವನ್ನೂ ಒರೆಸಿ "ತೊಗೊಳ್ರಿ" ಅನ್ನುತ್ತಿದ್ದರು. 

ಇವರು ಅಮೆರಿಕದ ಪಾರ್ಸಿಪನಿ ಎಂಬ ಊರಿನ ಕನ್ಸಲ್ಟಿಂಗ್ ಕಂಪನಿಯಲ್ಲಿ ನನ್ನ ಬಾಸು. ಹುಟ್ಟೂರು ಬ್ಯಾಡಗಿ. ಆ ಊರಿನ ಮೆಣಸಿನಕಾಯಿಗೆ ಬಂದ ಹೆಸರೆಲ್ಲ ತಮಗೇ ಬಂದದ್ದು ಎನ್ನುವಂತೆ ಓಡಾಡುತ್ತಿದ್ದರು. ಪ್ರಾಜೆಕ್ಟ್ ಒಂದು ಮುಗಿದರೆ ಸಾಕು, ಇಡೀ ಟೀಮನ್ನು ಹೈವೇ ಪಕ್ಕದ ಥಾಯ್ ರೆಸ್ಟೋರೆಂಟಿಗೆ ಹೊರಡಿಸುತ್ತಿದ್ದರು. ಮೆನು ನಮ್ಮ ಕೈಗೆ ಬರುತ್ತಿರಲಿಲ್ಲ. ಬಡಿಸುವಾಕೆ ಖಾರ ಎಷ್ಟಿರಲಿ ಎಂದು ಕೇಳಿದರೆ "ಥಾಯ್ ಹಾಟ್, ಫಾರ್ ಆಲ್" ಎಂದುಬಿಡುತ್ತಿದ್ದರು. ಅಂದರೆ ಅಮೆರಿಕನ್ನರಿಗೆಂದು ಇಳಿಸಿದ ಖಾರ ಅಲ್ಲ, ಆ ಅಡುಗೆಯವರು ತಮ್ಮ ಮನೆಯಲ್ಲಿ ತಿನ್ನುವ ಖಾರ. ಆಕೆ ನಮ್ಮ ಮುಖ ನೋಡುತ್ತಿದ್ದಳು, ನಾವು ಟೇಬಲ್ ನೋಡುತ್ತಿದ್ದೆವು.

ಹಸಿ ಪಪಾಯಿಯ ಸಲಾಡ್ ಬರುತ್ತಿತ್ತು. ಕಣ್ಣಿಗೆ ಥೇಟ್ ಕೋಸಂಬರಿ. ಬಾಯಿಗಿಟ್ಟರೆ ಮೊದಲು ಹುಳಿ, ಹಿಂದೆಯೇ ಮೀನಿನ ಸಾಸಿನ ಗಬ್ಬು, ಆಮೇಲೆ ಜಜ್ಜಿದ ಸಣ್ಣ ಮೆಣಸಿನಕಾಯಿ ನಾಲಿಗೆಯ ಮೇಲೆ ಕೆಂಡ ಸುರಿದಂತೆ. ತುಟಿ ಊದಿಕೊಳ್ಳುತ್ತಿತ್ತು, ಕಿವಿ ಗುಂಯ್‌ಗುಡುತ್ತಿತ್ತು, ಕಣ್ಣು ಮೂಗು ಒಟ್ಟಿಗೆ ಸುರಿಯುತ್ತಿದ್ದವು. ಮಾರನೆಯ ಬೆಳಗಿನ ಬಾತ್‌ರೂಮಿನ ವಿಚಾರ ಬರೆಯುವಂಥದ್ದಲ್ಲ. ಇಷ್ಟಪಟ್ಟು ತಿನ್ನುವವರಿಗೆ ಅದು ಅಮೃತವೇ ಇರಬಹುದು. ಹೆದರಿಕೊಂಡು ತಿನ್ನುವವಳಿಗೆ ಅದು ಶಿಕ್ಷೆ.

ನನ್ನ ಹೆದರಿಕೆಗೆ ಕಾರಣವಿತ್ತು. ವೀಸಾ ಮುಗಿಯುತ್ತಾ ಬಂದಿತ್ತು. ಗ್ರೀನ್ ಕಾರ್ಡಿಗೆ ಕಂಪನಿ ಫೈಲ್ ಮಾಡಬೇಕಾದರೆ ಇವರು ಹೂಂ ಅನ್ನಬೇಕಿತ್ತು. ಇವರೋ ಮನುಷ್ಯರನ್ನು ಅಳೆಯುತ್ತಿದ್ದದ್ದೇ ಆ ಟೇಬಲ್ ಮೇಲೆ. "ಖಾರ ತಡಕೊಳ್ಳಾವ್ರು ಕ್ಲೈಂಟ್‌ನೂ ತಡಕೋತಾರ್ರೀ" ಎನ್ನುವುದು ಅವರ ವೇದವಾಕ್ಯ. ಮೈಸೂರಿನವಳಾದ ನನ್ನನ್ನು ಕರೆಯುತ್ತಿದ್ದದ್ದೇ ಮೈಸೂರ್ ಪಾಕ್ ಎಂದು. ಹಲ್ಲು ಕಚ್ಚಿಕೊಂಡು ನುಂಗುತ್ತಿದ್ದೆ.

ಕೊನೆಗೆ ಹೊಟ್ಟೆಯೊಳಗೆ ಹುಣ್ಣಾಯಿತು. ಡಾಕ್ಟರು ಖಾರ ಮುಟ್ಟಕೂಡದು ಎಂದರು. ಮುಂದಿನ ಊಟದಲ್ಲಿ ಬರೀ ಅನ್ನ ಹಾಕಿಕೊಂಡು ಕೂತೆ. ಬಿಸಿ ಥಾಯ್ ಸಾರು ತುಂಬಿದ ಚಮಚ ನನ್ನ ಕಡೆ ಬಂತು.

"ಬೇಡ ಸರ್, ಡಾಕ್ಟರ್ ಸ್ಟ್ರಿಕ್ಟ್ ಆಗಿ ಹೇಳಿದಾರೆ."

"ಏ ಮೈಸೂರ್ ಪಾಕ್, ಒಂದ್ ಚಮಚಕ್ಕ ಏನಾಗೂದಿಲ್ರೀ!"

ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ. ನಮ್ಮಲ್ಲಿ ಎಲೆಗೆ ಕೈ ಅಡ್ಡ ಬಂದರೆ ಬಡಿಸುವವರು ಒಂದೆರಡು ಸಲ ಒತ್ತಾಯ ಮಾಡಿ ಮುಂದೆ ಹೋಗುತ್ತಾರೆ. ಕೈ ಮೇಲೆ ಯಾರೂ ಬಡಿಸುವುದಿಲ್ಲ. ಇವರು ನಗುತ್ತಾ ಬಡಿಸಿಯೇಬಿಟ್ಟರು. ಬಿಸಿ ಸಾರು ಬೆರಳ ಸಂದಿಯಿಂದ ಅನ್ನಕ್ಕೆ ಸೋರಿತು. ನನಗೆ ಮೈಯೆಲ್ಲ ಹೇಸಿಗೆಯಾಯಿತು.

"ಸರ್," ಎಂದೆ, "ನಮ್ಮಮ್ಮ ಸಾರಿನ ಪುಡಿಗೆ ಖಾರಕ್ಕೆ ಅಂತ ಗುಂಟೂರು ಮೆಣಸಿನಕಾಯಿ ಹಾಕ್ತಾರೆ. ಬ್ಯಾಡಗಿ ಹಾಕೋದು ಕಲರ್‌ಗೆ. ನಿಮ್ಮೂರಿಂದು ಬರೀ ಬಣ್ಣ ಸರ್."

ಯಾರೂ ನಗಲಿಲ್ಲ. ಅವರು ಚಮಚ ಕೆಳಗಿಟ್ಟು ಬಿಲ್ ತರಿಸಿದರು. ಗ್ರೀನ್ ಕಾರ್ಡಿಗೆ ಎಳ್ಳುನೀರು ಬಿಟ್ಟಂತೆಯೇ ಎಂದು ಅಳುತ್ತಾ ಡ್ರೈವ್ ಮಾಡಿಕೊಂಡು ಮನೆಗೆ ಬಂದೆ.

ಸೋಮವಾರ ಕ್ಯಾಬಿನ್ನಿಗೆ ಕರೆದರು. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ನಿಮ್ ಫೈಲ್ ಲಾಯರ್‌ಗೆ ಕಳಿಸೀನಿ. ಕೈ ಹೆಂಗೈತಿ?" ಎಂದರು.

"ಪರವಾಗಿಲ್ಲ ಸರ್."

ಅಷ್ಟೇ. ಸಾರಿ ಅನ್ನಲಿಲ್ಲ. ಥಾಯ್ ಊಟಗಳೂ ನಿಲ್ಲಲಿಲ್ಲ. ನನಗೆ ಬಡಿಸುವುದು ಮಾತ್ರ ನಿಂತಿತು.

ಹೋದ ಚಳಿಗಾಲ ಅವರು ಹೃದಯಾಘಾತದಿಂದ ತೀರಿಕೊಂಡರು. ಮಾತಾಡಿಸಲು ಮನೆಗೆ ಹೋಗಿದ್ದೆ. ಏನಾದರೂ ಒಳ್ಳೆಯದು ಹೇಳಬೇಕಲ್ಲ ಎಂದು, ಸರ್ ಖಾರ ತಿನ್ನುವುದನ್ನು ನಾವು ಯಾರೂ ಮರೆಯುವುದಿಲ್ಲ ಎಂದೆ. ಅವರ ಹೆಂಡತಿ ನನ್ನನ್ನೇ ನೋಡಿದರು.

"ಅವ್ರಿಗೆ ಖಾರ ಆಗ್ತಿದ್ದಿಲ್ಲವ್ವಾ. ಮನ್ಯಾಗ ಸಾರಿಗೂ ನೀರು ಬೆರೆಸ್ಕೊಂಡು ಉಣ್ತಿದ್ರು. ಆಫೀಸಿನ ಊಟ ಐತಿ ಅಂದ್ರ ಹಿಂದಿನ ದಿನದಿಂದ ಹೆದರ್ತಿದ್ರು. ಹೋಗಬ್ಯಾಡ್ರಿ ಅಂದ್ರ, ಬ್ಯಾಡಗ್ಯಾಂವ ಬ್ಯಾಡ ಅಂದ್ರ ಮಂದಿ ನಗ್ತಾರ ಅಂತಿದ್ರು."

ಈ ದೇಶದಲ್ಲಿ ನನಗೆ ನೆಲೆ ಸಿಕ್ಕಿದ್ದು ಅವರಿಂದ. ಆ ಋಣ ತೀರುವಂಥದ್ದಲ್ಲ. ಆಗ ಕನಿಕರ ಹುಟ್ಟಬೇಕಿತ್ತು, ಹುಟ್ಟಿತು ಕೂಡ. ಆದರೆ ಅದಕ್ಕಿಂತ ಮೊದಲು ಹುಟ್ಟಿದ್ದು ಹೇಸಿಗೆಯೇ. ಅವರ ಮೇಲೆ ಅಲ್ಲ, ಆ ಊಟಗಳ ಮೇಲೆ. ಅವರಿಗೂ ಬೇಡವಾಗಿತ್ತು, ನನಗೂ ಬೇಡವಾಗಿತ್ತು. ಒಬ್ಬರಿಗೊಬ್ಬರು ಹೆದರಿಕೊಂಡು ಎದುರುಬದುರು ಕೂತು ಉಂಡೆವು.