ಡೇರೆ ಹಾಕಲು ಒಂದು ಜಾಗ

ನೀರು ಸರಬರಾಜು ಕಚೇರಿಯ ಹಿಂದಿನ ಕೋಣೆಯಲ್ಲಿ ಕಿವಿಗೆ ಫೋನು ಸಿಕ್ಕಿಸಿಕೊಂಡು ಊರಿನ ದೂರುಗಳನ್ನೆಲ್ಲ ಕೇಳಿಸಿಕೊಳ್ಳುವುದು ಅವಳ ಕೆಲಸ. ನಲ್ಲಿಯಲ್ಲಿ ನೀರು ಬಂದಿಲ್ಲ, ಬಂದದ್ದು ಕೆಂಪಗಿದೆ, ಪೈಪು ಒಡೆದು ರಸ್ತೆ ಹೊಳೆಯಾಗಿದೆ. ಬೈಯುವವರಿಗೂ "ಹೇಳಿ ಸರ್" ಅನ್ನಬೇಕು. ಜೊತೆಯವರು ಅವಳಿಗೆ ಹಲೋ ಅಕ್ಕ ಎಂದು ಹೆಸರಿಟ್ಟಿದ್ದರು. ಒಮ್ಮೆ ಯಾರೋ ಮನೆಯ ಬಾಗಿಲು ಬಡಿದಾಗ "ಹಲೋ, ನಿಮ್ಮ ಬಡಾವಣೆ ಯಾವುದು?" ಎಂದು ಒಳಗಿನಿಂದಲೇ ಕೇಳಿಬಿಟ್ಟಿದ್ದಳು. ದರ್ಜಿಯಾಗಿದ್ದ ಗಂಡ ಅಂಗಡಿಗೆ ಬಂದವರಿಗೆಲ್ಲ ಅದನ್ನು ಹೇಳಿ ನಗಿಸುತ್ತಿದ್ದ. ನಗಲು ಅವಳಲ್ಲಿ ಮಾತ್ರ ತ್ರಾಣ ಉಳಿದಿರುತ್ತಿರಲಿಲ್ಲ.

ಆ ವರ್ಷ ರಜೆ ಸಿಕ್ಕಾಗ ಭಾವನ ವ್ಯಾನು ಪಡೆದು, ಮಂಡಿನೋವಿನ ಅತ್ತೆಯನ್ನೂ ಕರೆದುಕೊಂಡು ಕಡಲತೀರದುದ್ದಕ್ಕೂ ಸುತ್ತುವುದೆಂದಾಯಿತು. ಉಳಿಯಲು ಡೇರೆ. ಜಾಗ ಆರಿಸುವ ಕೆಲಸ ಯಾರ ತಲೆಗೆ ಬಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

"ವಿಚಾರಿಸೋದು ನಿಂಗೆ ಅಭ್ಯಾಸ," ಎಂದ ಗಂಡ.

"ನೀನು ಎಲ್ಲಿ ಅಂದ್ರೆ ಅಲ್ಲಿ," ಎಂದರು ಅತ್ತೆ.

ಊಟದ ಬಿಡುವಿನಲ್ಲೆಲ್ಲ ಅವಳು ಡೇರೆಗೆ ಜಾಗ ಕೊಡುವ ಶಿಬಿರದವರಿಗೆ ಫೋನು ಹಚ್ಚಿದಳು. ನೀರು ಹೇಗಿದೆ, ಶೌಚಾಲಯ ಚೊಕ್ಕಟವೇ, ನೆರಳಿದೆಯೇ? ಎಲ್ಲ ಕಡೆಯೂ ಒಂದೇ ಉತ್ತರ: "ಫಸ್ಟ್ ಕ್ಲಾಸ್ ಮೇಡಂ." ದಿನವಿಡೀ "ಸಂಜೆಯೊಳಗೆ ನೀರು ಬರುತ್ತೆ" ಎಂದು ಊರಿಗೇ ಸಮಾಧಾನ ಹೇಳುವವಳಿಗೆ ಆ ಮಾತನ್ನು ಎಷ್ಟು ನಂಬಬೇಕೆಂದು ಗೊತ್ತಿರಬೇಕಿತ್ತು.

ಮೊದಲ ಶಿಬಿರದಲ್ಲಿ ಡೇರೆಗಳು ಹಗ್ಗಕ್ಕೆ ಹಗ್ಗ ತಾಗಿಸಿಕೊಂಡಿದ್ದವು. ಪಕ್ಕದವರ ಜನರೇಟರ್ ಗುಡುಗುತ್ತಿತ್ತು. "ಇದಕ್ಕಿಂತ ನನ್ನ ಹೊಲಿಗೆ ಯಂತ್ರದ ಸದ್ದೇ ಮೇಲು," ಎಂದು ಗಂಡ ವ್ಯಾನು ತಿರುಗಿಸಿದ. ಎರಡನೆಯದು ಗುಡ್ಡದ ಮೇಲಿತ್ತು. ಕಣ್ಣು ತುಂಬುವಷ್ಟು ಕಡಲು ಕಾಣುತ್ತಿತ್ತು. ಆದರೆ ಬಚ್ಚಲು ಕೆಳಗೆ, ಕಡಿದಾದ ಮೆಟ್ಟಿಲುಗಳ ತುದಿಯಲ್ಲಿ. ಅತ್ತೆ ಮೆಟ್ಟಿಲು ನೋಡಿದರು, ಸೊಸೆಯನ್ನು ನೋಡಿದರು, ಮತ್ತೆ ವ್ಯಾನು ಹತ್ತಿದರು. ಮೂರನೆಯದರಲ್ಲಿ ಮರಳೇ ಮರಳು. ಗೂಟ ಹೊಡೆದರೆ ಗಾಳಿ ಕಿತ್ತೆಸೆಯುತ್ತಿತ್ತು, ನಲ್ಲಿಯ ನೀರು ಉಪ್ಪು.

"ಮನೇಲೇ ಇದ್ದಿದ್ರೆ ಆಗ್ತಿತ್ತಪ್ಪ," ಎಂದರು ಅತ್ತೆ, ಯಾರಿಗೂ ಅಲ್ಲ ಎಂಬಂತೆ.

"ಸರಿಯಾಗಿ ಕೇಳ್ಬೇಕಿತ್ತು ನೀನು," ಎಂದ ಗಂಡ.

ಅವಳ ಬಾಯಿಂದ ತಾನಾಗಿಯೇ "ಕ್ಷಮಿಸಿ, ದೂರು ದಾಖಲಾಗಿದೆ" ಎಂದು ಬಂತು. ಗಂಡ ನಕ್ಕ. ಅವಳು ನಗಲಿಲ್ಲ. ಮರಳ ಮೇಲೆಯೇ ಕುಕ್ಕರಿಸಿದಳು.

"ಇನ್ನು ನಾನು ಆರಿಸಲ್ಲ ರೀ. ನನ್ನ ಕೈಲಿ ಆಗಲ್ಲ. ನೀವು ಎಲ್ಲಿ ನಿಲ್ಲಿಸ್ತೀರೋ ಅಲ್ಲೇ ಇರ್ತೀನಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಗಂಡ ಏನಾದರೂ ಅನ್ನುತ್ತಿದ್ದನೇನೋ. ಗೂಟಗಳನ್ನು ಆಯ್ದು ವ್ಯಾನಿಗೆ ಹಾಕಿದ. ಅವಳು ವ್ಯಾನಿನ ಹಿಂದೆ ಹಾಸಿಗೆ ಸುರುಳಿಗಳ ನಡುವೆ ಮುದುಡಿ ಮಲಗಿ ಕಣ್ಣು ಮುಚ್ಚಿದಳು.

ಎಚ್ಚರವಾದಾಗ ವ್ಯಾನು ನಿಂತಿತ್ತು. ಹೊರಗೆ ಮರಗಳ ಕೆಳಗೆ ಡೇರೆ ಎದ್ದು ನಿಂತಿತ್ತು. ಕಡಲು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಅತ್ತೆ ಮಡಿಚುವ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು.

"ನಲ್ಲಿ ನೀರು ಕುಡಿದು ನೋಡ್ದೆ, ಸಿಹಿ ಇದೆ. ಬಚ್ಚಲು ಹತ್ತಿರ, ಹಿಡ್ಕೊಳ್ಳೋಕೆ ಕಂಬಿ ಇದೆ, ಚಿಲಕ ಸರಿಯಾಗಿ ಬೀಳುತ್ತೆ. ಎಲ್ಲಾ ನಾನೇ ಹೋಗಿ ನೋಡ್ದೆ," ಎಂದರು. ಆಮೇಲೆ ದನಿ ತಗ್ಗಿಸಿ, "ಇದನ್ನೆಲ್ಲ ನೋಡೋಷ್ಟರಲ್ಲೇ ನಂಗೆ ಸಾಕಾಯ್ತು ಕಣೇ. ನೀನು ದಿನಾ ಹೇಗೆ ಮಾಡ್ತೀಯೋ."

ಅವಳ ಕಣ್ಣು ಅಭ್ಯಾಸಬಲದಿಂದ ಸುತ್ತಲೂ ಹರಿಯಿತು. ನೆಲ ಓರೆಯಾಗಿತ್ತು. ದೀಪದ ಕಂಬ ನೇರ ಡೇರೆಯ ಬಾಗಿಲಿಗೇ ಬೆಳಕು ಬೀರುವಂತಿತ್ತು.

"ಚೆನ್ನಾಗಿದೆ ಅತ್ತೆ."

"ನೆಲ ಓರೆ ಇದೆ, ನಂಗೂ ಗೊತ್ತು. ಸುಳ್ಳು ಹೇಳ್ಬೇಡ. ಮಲಗು ಹೋಗು."

ಮುಂದೆ ಇನ್ನೂ ಊರೂರು ಸುತ್ತುವುದೆಂದಿತ್ತು. ಯಾರೂ ಆ ಮಾತೆತ್ತಲಿಲ್ಲ. ರಜೆ ಮುಗಿಯುವವರೆಗೂ ಅಲ್ಲೇ ಉಳಿದರು. ಗಂಡ ಅಡುಗೆ ಮಾಡಿ ತಳ ಹಿಡಿಸಿದ, ಯಾರೂ ದೂರಲಿಲ್ಲ. ಅವಳು ಹೆಚ್ಚಿನ ಹೊತ್ತು ಮಲಗಿಯೇ ಇದ್ದಳು. ಒಂದು ಬೆಳಿಗ್ಗೆ ಅತ್ತೆಯ ಕೈ ಹಿಡಿದು ನಿಧಾನವಾಗಿ ನೀರಿನವರೆಗೆ ಹೋಗಿ, ಪಾದ ನೆನೆಸಿಕೊಂಡು ಬಂದಳು. ದಣಿವು ಪೂರ್ತಿ ಇಳಿಯಲಿಲ್ಲ. ಅಷ್ಟು ವರ್ಷಗಳದ್ದು ಒಂದು ರಜೆಯಲ್ಲಿ ಇಳಿಯುವುದೂ ಇಲ್ಲ. ಆದರೆ ವಾಪಸು ಬರುವ ದಾರಿಯಲ್ಲಿ ಎಲ್ಲಿ ಊಟಕ್ಕೆ ನಿಲ್ಲಿಸುವುದೆಂದು ಅವಳನ್ನು ಯಾರೂ ಕೇಳಲಿಲ್ಲ. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಹೋಟೆಲುಗಳ ಹೆಸರು ಓದುತ್ತಿದ್ದರು.